ಕನೆಕ್ಟರ್ ಕೊಡ್ರಿ ಅಂದ್ರ ಯಾವ್ದು ಕೊಡ್ಲಿ?

ಏಪ್ರಿಲ್ ಕೊನೆಯ ವಾರ. ಕಲಬುರಗಿಯ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನೂ ಉಳಿದಿಲ್ಲ. ಅಂಥ ಒಂದು ಮಧ್ಯಾಹ್ನ ನಮ್ಮ ಮನೆಯ ಕೂಲರ್ ನಿಂತಿತು. ಎರಡು ವೈರಿನ ತುದಿ ಹೊಸೆದು, ಮೇಲೆ ಕಪ್ಪು ಟೇಪ್ ಸುತ್ತಿ ಬಿಟ್ಟಿದ್ದ ಜಾಗದಿಂದ ಸುಟ್ಟ ರಬ್ಬರಿನ ವಾಸನೆ. ಬಂದು ನೋಡಿದ ಮಿಸ್ತ್ರಿ, "ಒಂದ್ ಕನೆಕ್ಟರ್ ತರ್ರಿ ಸರ, ಹತ್ತು ನಿಮಿಷದ ಕೆಲಸ ಅದ" ಅಂದ. ಛತ್ರಿ ಹಿಡಿದುಕೊಂಡು ಶಹಾಬಜಾರದ ಅಂಗಡಿಗೆ ನಡೆದೆ. ಬಲ್ಬು, ಮೋಟಾರು, ಪೈಪು, ಹಗ್ಗ, ಬಣ್ಣ ಎಲ್ಲವೂ ಒಂದೇ ಸೂರಿನಡಿ ಸಿಗುವಂಥ ಅಂಗಡಿ ಅದು.

"ಕನೆಕ್ಟರ್ ಕೊಡ್ರಿ."

"ಯಾವ್ದು ಕೊಡ್ಲಿ?"

"ಕನೆಕ್ಟರ್‌ರೀ. ವೈರ್ ಜೋಡಸೋದು."

ಅಂಗಡಿಯವರು ವಯಸ್ಸಾದವರು, ತಾಳ್ಮೆಯವರು. ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ಸ್ಕ್ರೂ ಇರುವ ಬಿಳಿ ಪ್ಲಾಸ್ಟಿಕ್ ಪಟ್ಟಿ. ಡಿಶ್ ಕೇಬಲಿನ ತುದಿಗೆ ಹಾಕುವ ಹಿತ್ತಾಳೆ ಬಣ್ಣದ ಮುಚ್ಚಳ. ಇಂಟರ್ನೆಟ್ ವೈರಿನ ತುದಿಯ ಪಾರದರ್ಶಕ ತುಂಡು. ಮಾಳಿಗೆಯ ಸೋಲಾರ್ ಹಲಗೆಗೆ ಬೇಕಾಗುವ ಕಪ್ಪು ಜೋಡಿ. ಅಷ್ಟರಲ್ಲಿ ಕಮಲಾಪುರ ಕಡೆಯ ರೈತರೊಬ್ಬರು ಬಂದು ನನ್ನ ಪಕ್ಕ ನಿಂತು, "ಕಾಕಾ, ಕನೆಕ್ಟರ್ ಅವ ಏನ್ರಿ?" ಎಂದು ಕೇಳಬೇಕೆ!

"ಕರೆಂಟಿಂದೋ, ನೀರಿಂದೋ?"

"ನೀರಿಂದ್ರಿ. ಡ್ರಿಪ್ಪಿಂದು. ಹದಿನಾರು ಎಂಎಂ."

ಬಾಳೆ ತೋಟದ ಹನಿ ನೀರಾವರಿಯ ಕಪ್ಪು ಕೊಳವೆ ಎಲ್ಲೋ ಹರಿದಿತ್ತು. ಎರಡು ತುದಿ ಕೂಡಿಸುವ ಬೆರಳುದ್ದದ ತುಂಡು ಅವರಿಗೆ ಬೇಕಿತ್ತು. ಅದಕ್ಕೂ ಕನೆಕ್ಟರ್ ಎಂದೇ ಹೆಸರು. ಮೇಜಿನ ಮೇಲೆ ಈಗ ಐದು ವಸ್ತು, ಹೆಸರು ಒಂದೇ. ಅವರು ತಮ್ಮದನ್ನು ಎತ್ತಿಕೊಂಡು ಹೋದರು. ನಾನು ಮಿಸ್ತ್ರಿಗೆ ಫೋನ್ ಹಚ್ಚಿದೆ.

ಇದು ಭಾಷೆಯ ಬಡತನ ಎಂದು ಕೆಲವರು ಹೇಳಿಯಾರು. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಒಕ್ಕಲುತನದಲ್ಲಿ ಒಂದೊಂದು ಕೂಡಿಕೆಗೂ ಒಂದೊಂದು ಹೆಸರಿತ್ತು. ಎತ್ತಿನ ಕೊರಳನ್ನು ನೊಗಕ್ಕೆ ಹಿಡಿಸುವುದು ಜತಗಿ. ನೊಗವನ್ನು ಈಸಿಗೆ ಬಿಗಿಯುವುದು ಮಿಣಿ. ಗಾಲಿ ಅಚ್ಚಿನಿಂದ ಕಳಚಿ ಹೋಗದಂತೆ ತಡೆಯುವುದು ಕಡಾಣಿ. ಜತಗಿ ಕೇಳಿದವನಿಗೆ ಯಾರೂ ಮಿಣಿ ಕೊಡುತ್ತಿರಲಿಲ್ಲ. ವಿದ್ಯುತ್ತಿನ ಲೋಕದಲ್ಲೂ ಹಾಗೆಯೇ ಬೇರೆಬೇರೆ ಹೆಸರುಗಳಿವೆ: ಕನೆಕ್ಟರ್, ಪ್ಲಗ್, ಸಾಕೆಟ್, ಜಾಕ್, ಟರ್ಮಿನಲ್, ಅಡಾಪ್ಟರ್, ಕಪ್ಲರ್, ಪೋರ್ಟ್. ಅವು ನಮಗೆ ಬಂದದ್ದು ಪೆಟ್ಟಿಗೆಯ ಮೇಲಿನ ಅಚ್ಚಿನಿಂದ, ಕೈಕೆಲಸದಿಂದಲ್ಲ. ಹಾಗಾಗಿ ಹೆಸರು ಬಂತು, ಹೆಸರುಗಳ ನಡುವಿನ ಗೆರೆ ಬರಲಿಲ್ಲ.

ಮೊದಲ ಗೆರೆ ಎಳೆಯಲು ದನದ ಕೊಟ್ಟಿಗೆಗೇ ಹೋಗಬೇಕು. ದನ ಕಟ್ಟುವಾಗ ಹಾಕುವುದು ಜೀರುಗುಣಿಕೆ. ದನ ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಮನುಷ್ಯ ಬಂದು ಹಗ್ಗದ ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಕಗ್ಗಂಟು ಹಾಗಲ್ಲ, ಅದಕ್ಕೆ ಹಲ್ಲೋ ಕುಡುಗೋಲೋ ಬೇಕು. ತಾಳಿಗೆ ಹಾಕುವ ಬ್ರಹ್ಮಗಂಟಂತೂ ಬಿಚ್ಚಲೆಂದು ಹಾಕಿದ್ದೇ ಅಲ್ಲ. ಮೂರೂ ಕೂಡಿಸುತ್ತವೆ. ಆದರೆ ಕನೆಕ್ಟರ್ ಎನ್ನಿಸಿಕೊಳ್ಳುವ ಯೋಗ್ಯತೆ ಜೀರುಗುಣಿಕೆಗೆ ಮಾತ್ರ. ಎರಡು ವೈರನ್ನು ಹೊಸೆದು ಟೇಪ್ ಸುತ್ತಿದರೆ ಅದು ಜಾಯಿಂಟ್. ಸೀಸ ಕರಗಿಸಿ ಹಿಡಿಸಿದರೆ ಬೆಸುಗೆ. ಬೇಕೆಂದಾಗ ಬಿಡಿಸಿ, ಬೇಕೆಂದಾಗ ಮತ್ತೆ ಕೂಡಿಸಿ, ಪ್ರತಿ ಸಲವೂ ಮೊದಲಿನಷ್ಟೇ ಗಟ್ಟಿಯಾಗಿ ಕೂಡಿದರೆ ಆಗ ಕನೆಕ್ಟರ್. ಹೆಸರಿನಲ್ಲಿ ಕೂಡಿಸುವ ಮಾತಿದೆ, ಕಸುಬೆಲ್ಲ ಬಿಡಿಸುವುದರಲ್ಲಿದೆ.

ಕಮಲಾಪುರದ ಆ ರೈತರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ತೋಟದ ಮೇಲ್ಗಡೆ ಹಾಯುವ ಪಿವಿಸಿ ಪೈಪನ್ನು ಅವರು ಸಲ್ಯೂಷನ್ ಹಚ್ಚಿ ಕಪ್ಲರಿನೊಳಗೆ ಅಂಟಿಸುತ್ತಾರೆ. ಅದು ಕಗ್ಗಂಟು, ತಪ್ಪಾದರೆ ಕತ್ತರಿಸಿಯೇ ತೆಗೆಯಬೇಕು. ಬೋರಿನೊಳಗೆ ಇಳಿಯುವ ಕಾಲಂ ಪೈಪಿಗೆ ಮಾತ್ರ ಮರೆ ಹೊಡೆದ ತುದಿ, ಅಂದರೆ ತಿರುವಿ ಕೂಡಿಸುವ ತುದಿ. ಮೋಟಾರು ಎಂದಾದರೊಂದು ದಿನ ಸುಡುತ್ತದೆ, ಮೇಲೆತ್ತಲೇಬೇಕು, ಒಂದೊಂದೇ ಪೈಪು ಬಿಚ್ಚಲೇಬೇಕು. ನಳದ ಕೆಲಸದವರು 'ಯೂನಿಯನ್' ಎನ್ನುವ ತುಂಡು ಕೂಡ ಇದೇ ಜಾತಿಯದು: ಪೈಪು ಕೊಯ್ಯದೆ ನಡುವಿನಲ್ಲೇ ಬಿಚ್ಚಬಹುದು. ಅವರ 'ಸಾಕೆಟ್' ಮಾತ್ರ ನಮ್ಮ ಗೋಡೆಯ ಸಾಕೆಟ್ ಅಲ್ಲ, ಎರಡು ಪೈಪಿನ ತುದಿ ಎರಡೂ ಕಡೆಯಿಂದ ಹೊಗುವ ತೋಳು ಅದು. ಅಂಗಡಿಯವರು "ಕರೆಂಟಿಂದೋ, ನೀರಿಂದೋ" ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಟರ್ಮಿನಲ್ ವಿಷಯಕ್ಕೆ ರೈಲೇ ಒಳ್ಳೆಯ ಮೇಷ್ಟ್ರು. 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ಕಲಬುರಗಿಯಿಂದ ಹೊರಟು ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ನಿಲ್ಲುತ್ತದೆ. ಅಲ್ಲಿಗೆ ಅದರ ಓಟ ಮುಗಿಯಿತು. ವಾಡಿ ಹಾಗಲ್ಲ, ಅದು ಜಂಕ್ಷನ್: ಸೊಲ್ಲಾಪುರ, ರಾಯಚೂರು, ಸಿಕಂದರಾಬಾದ್ ಕಡೆಯ ಹಳಿಗಳು ಸೇರಿ ಕವಲೊಡೆಯುವ ಜಾಗ. 2017ರ ಅಕ್ಟೋಬರ್‌ನಲ್ಲಿ ಬೀದರ್ ಮಾರ್ಗ ಉದ್ಘಾಟನೆಯಾಗಿ ಕಮಲಾಪುರವೂ ರೈಲು ಕಂಡಿತು, ಆ ಹಳಿ ಬಂದು ಕೂಡಿದ್ದರಿಂದ ಕಲಬುರಗಿಯೂ ಜಂಕ್ಷನ್ ಆಯಿತು. ವಿದ್ಯುತ್ತಿನಲ್ಲೂ ಇದೇ ಅರ್ಥ. ಒಂದು ವೈರಿನ ಓಟ ಎಲ್ಲಿ ಮುಗಿಯುತ್ತದೋ ಅದು ಟರ್ಮಿನಲ್: ಬ್ಯಾಟರಿಯ ಎರಡು ಮೊಳೆ, ಮೀಟರಿನ ತಳದ ಹಿತ್ತಾಳೆ ಸ್ಕ್ರೂ, ಫ್ಯಾನಿನ ಒಳಗಿನ ಬಿಂದು. ಹಲವು ವೈರುಗಳು ಸೇರಿ ಕವಲಾಗುವ ಡಬ್ಬಿ ಜಂಕ್ಷನ್ ಬಾಕ್ಸ್. ಟರ್ಮಿನಲ್ಲಿಗೆ ವೈರು ಸರಿಯಾಗಿ ಕೂರಲೆಂದು ಅದರ ತುದಿಗೆ ತೊಡಿಸುವ ತಾಮ್ರದ ಟೊಪ್ಪಿಗೆಗೆ ಪುಸ್ತಕದಲ್ಲಿ 'ಲಗ್' ಎಂದಿದ್ದರೂ ಮಿಸ್ತ್ರಿಗಳ ಬಾಯಲ್ಲಿ ಅದು 'ಥಿಂಬಲ್'. ನನ್ನ ಕೂಲರಿಗೆ ಬೇಕಾಗಿದ್ದ ಬಿಳಿ ಪಟ್ಟಿ ನಿಜವಾಗಿ ಟರ್ಮಿನಲ್‌ಗಳ ಸಾಲು. ಒಂದೊಂದು ಗೂಡಿನಲ್ಲಿ ಎರಡು ವೈರುಗಳು ಎದುರುಬದುರು ಬಂದು ಸ್ಕ್ರೂವಿನಡಿ ಮುಗಿಯುತ್ತವೆ. ಪೇಚಕಸ್ಸಿನಿಂದ, ಅಂದರೆ ಸ್ಕ್ರೂಡ್ರೈವರಿನಿಂದ, ಎರಡು ಸುತ್ತು ತಿರುವಿದರೆ ಬಿಟ್ಟೂ ಕೊಡುತ್ತವೆ. ಅದಕ್ಕೇ ಮಾರುಕಟ್ಟೆಯಲ್ಲಿ ಅದು ಸ್ಟ್ರಿಪ್ ಕನೆಕ್ಟರ್. ಒಂದೇ ವಸ್ತುವಿಗೆ ಎರಡು ಹೆಸರು, ಎರಡೂ ಸರಿ.

ಪೇಚಕಸ್ ಅಂದೆ. ಈ ಭಾಗದ ಮಿಸ್ತ್ರಿಗಳ ಚೀಲದಲ್ಲಿ ಇಂಗ್ಲಿಷಿಗಿಂತ ಮೊದಲು ಉರ್ದು ಬಂದು ಕೂತಿದೆ. ಪೇಚಕಸ್, ಪಕ್ಕಡ, ಪಾನಾ, ತಾರ ಎಲ್ಲ ನಿಜಾಮರ ಕಾಲದ ಬಳುವಳಿ. ಹೈದರಾಬಾದಿನಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದ್ದು. ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತರಲೆಂದೇ ದಾರುಲ್ ತರ್ಜುಮಾ ಎಂಬ ಅನುವಾದ ವಿಭಾಗವಿತ್ತು. ಪುಸ್ತಕದ ಪದಗಳು ಎಷ್ಟು ಉಳಿದವೋ, ಕೈಯಲ್ಲಿ ಹಿಡಿಯುವ ಸಾಮಾನಿನ ಹೆಸರುಗಳಂತೂ ಶಹಾಬಜಾರದಲ್ಲಿ ಇನ್ನೂ ಚಲಾವಣೆಯಲ್ಲಿವೆ. ಕನ್ನಡದ ಪದಕೋಶಗಳು ಕನೆಕ್ಟರಿಗೆ ಕೊಡುವ 'ಸಂಪರ್ಕಕ' ಮಾತ್ರ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಿಲ್ಲ. ಸಂಪರ್ಕ ಎಂದರೆ ಬರೀ ತಾಗುವುದು; ಬಿಡಿಸುವ ಸುಳಿವೇ ಆ ಪದದಲ್ಲಿಲ್ಲ. ಜೀರುಗುಣಿಕೆಯ 'ಗುಣಿಕೆ'ಯನ್ನಾದರೂ ಯಾರಾದರೂ ಎತ್ತಿಕೊಂಡಿದ್ದರೆ ಚೆನ್ನಿತ್ತು. ಈಗ ತಡವಾಯಿತು ಬಿಡಿ.

ಇನ್ನು ಪ್ಲಗ್ಗು, ಸಾಕೆಟ್ಟು. ಇಲ್ಲಿ ನಾವೊಂದು ತಮಾಷೆ ಮಾಡಿಕೊಂಡಿದ್ದೇವೆ. ವೈರಿನ ತುದಿಯಲ್ಲಿ ನೇತಾಡುವುದನ್ನು 'ಪಿನ್' ಎನ್ನುತ್ತೇವೆ, ಗೋಡೆಯ ತೂತುಗಳನ್ನು 'ಪ್ಲಗ್' ಎನ್ನುತ್ತೇವೆ. "ಪಿನ್ ತಗೊಂಡು ಪ್ಲಗ್ಗಿಗೆ ಹಾಕು" ಎಂದರೆ ಮನೆಯ ಮಗುವಿಗೂ ತಿಳಿಯುತ್ತದೆ. ಪ್ರಮಾಣದ ಪುಸ್ತಕದ ಪ್ರಕಾರ ನೇತಾಡುವುದೇ ಪ್ಲಗ್, ಗೋಡೆಯಲ್ಲಿರುವುದು ಸಾಕೆಟ್, ಪಿನ್ ಎಂದರೆ ಪ್ಲಗ್ಗಿನ ಒಂದೊಂದು ಹಿತ್ತಾಳೆ ಕಡ್ಡಿ. ಪ್ಲಗ್ ಎಂಬ ಇಂಗ್ಲಿಷ್ ಪದದ ಹಳೆಯ ಅರ್ಥ ಬಿರಡೆ, ತೂತು ಮುಚ್ಚುವ ಬೆಣೆ. ಬಾಟಲಿಯ ಬಾಯಿಗೆ ಬಿರಡೆ ಹಾಕುವಂತೆ ಗೋಡೆಯ ಕುಳಿಗೆ ಹಾಕುವುದು ಪ್ಲಗ್ ಎಂದು ನೆನಪಿಟ್ಟರೆ ಮರೆಯುವುದಿಲ್ಲ. ಮನೆಯಲ್ಲಿ ಹೇಗೆ ಅಂದರೂ ನಡೆದೀತು. ಆದರೆ ಫೋನಿನಲ್ಲಿ ಅಂಗಡಿಗೆ "ಹದಿನೈದು ಆಂಪಿಯರ್ ಪ್ಲಗ್ ಒಂದು ಕಳಿಸಿ" ಎಂದರೆ ಏನು ಬರುತ್ತದೆ ಎಂಬುದು ಅಂಗಡಿಯ ಹುಡುಗನ ಮೇಲೆ ಹೋಯಿತು.

ಭಾರತದ ಪ್ಲಗ್ ಸಾಕೆಟ್‌ಗಳಿಗೆ ಐಎಸ್ 1293 ಎಂಬ ಪ್ರಮಾಣ ಇದೆ. ಬ್ರಿಟಿಷರ 1934ರ ದುಂಡು ಪಿನ್ನಿನ ವಿನ್ಯಾಸದಿಂದ ಬಂದದ್ದು. ಬ್ರಿಟನ್ನಿನವರು 1947ರಲ್ಲಿ ಚೌಕ ಪಿನ್ನಿನ ಹೊಸ ಪ್ಲಗ್ಗಿಗೆ ಹೊರಳಿಕೊಂಡರು, ನಾವು ದುಂಡನ್ನು ಇಟ್ಟುಕೊಂಡೆವು. ಹಳೆಯ 5 ಮತ್ತು 15 ಆಂಪಿಯರ್ ಈಗ ಕಾಗದದ ಮೇಲೆ 6 ಮತ್ತು 16. ಅಂಗಡಿಯಲ್ಲಿ ಇಂದಿಗೂ ಫೈವ್ ಮತ್ತು ಫಿಫ್ಟೀನ್. ಈ ವಿನ್ಯಾಸದ ಜಾಣ್ಮೆಯೆಲ್ಲ ಮೇಲಿನ ದಪ್ಪ ಪಿನ್ನಿನಲ್ಲಿದೆ. 6 ಆಂಪಿಯರ್ ಪ್ಲಗ್ಗಿನ ಕೆಳಗಿನ ಎರಡು ಪಿನ್ ಸುಮಾರು 5 ಎಂಎಂ ದಪ್ಪ, ಅರ್ಥ್ ಪಿನ್ 7 ಎಂಎಂ. ದೊಡ್ಡ ಪ್ಲಗ್ಗಿನಲ್ಲಿ 7 ಮತ್ತು ಸುಮಾರು 8.7. ದಪ್ಪ ಇರುವುದರಿಂದ ಅರ್ಥ್ ಪಿನ್ ತಪ್ಪಿಯೂ ಕರೆಂಟಿನ ತೂತಿಗೆ ಹೊಗುವುದಿಲ್ಲ. ಉದ್ದವೂ ಇರುವುದರಿಂದ ಹಾಕುವಾಗ ಎಲ್ಲರಿಗಿಂತ ಮೊದಲು ತಾಗುತ್ತದೆ, ಕೀಳುವಾಗ ಎಲ್ಲರಿಗಿಂತ ಕೊನೆಗೆ ಬಿಡುತ್ತದೆ. ಕರೆಂಟು ಬರುವ ಮೊದಲೇ ಕಾವಲುಗಾರ ಬಂದು ನಿಂತಿರುತ್ತಾನೆ, ಕರೆಂಟು ಹೋದ ಮೇಲೆಯೇ ಜಾಗ ಬಿಡುತ್ತಾನೆ.

ಹಳ್ಳಿಗಳಲ್ಲಿ, ಪ್ಯಾಟಿಯ ತಳ್ಳುಗಾಡಿಗಳಲ್ಲೂ, ಪ್ಲಗ್ಗಿಲ್ಲದ ಬರೀ ವೈರನ್ನು ಸಾಕೆಟ್ಟಿಗೆ ತುರುಕಿ ಕಡ್ಡಿಪೆಟ್ಟಿಗೆಯ ಕಡ್ಡಿ ಚುಚ್ಚಿ ಬಿಗಿಮಾಡಿದ್ದನ್ನು ಎಲ್ಲರೂ ಕಂಡಿದ್ದೇವೆ. ಹೆದರಿಕೆ ಹುಟ್ಟಿಸುವ ದೃಶ್ಯ. ಆದರೂ ಆ ಕಡ್ಡಿ ಚುಚ್ಚಿದವನಿಗೆ ಕನೆಕ್ಟರಿನ ಒಳಗುಟ್ಟು ಗೊತ್ತಿದೆ: ತಾಗಿದರೆ ಸಾಲದು, ಒತ್ತಬೇಕು. ಸಾಕೆಟ್ಟಿನೊಳಗಿನ ಹಿತ್ತಾಳೆ ತುಟಿ ಪಿನ್ನನ್ನು ಒತ್ತಿ ಹಿಡಿಯುತ್ತದೆ. ಒತ್ತಡ ಸಡಿಲಾದರೆ ತಾಗುವ ಜಾಗ ಕಿರಿದಾಗುತ್ತದೆ, ಕಿರಿದಾದಲ್ಲಿ ತಡೆ ಹುಟ್ಟುತ್ತದೆ, ತಡೆ ಇದ್ದಲ್ಲಿ ಕಾವು. ಲೆಕ್ಕ ಸಣ್ಣದು. 3,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಸಡಿಲಾದ ಜಾಗದಲ್ಲಿ ಒಂದು ಓಮ್‌ನ ಹತ್ತರಲ್ಲಿ ಒಂದು ಪಾಲು ತಡೆ ಇದ್ದರೂ ಅಲ್ಲಿ ಸುಮಾರು 17 ವ್ಯಾಟ್ ಬರೀ ಕಾವಾಗುತ್ತದೆ. ಎರಡು ಎಲ್‌ಇಡಿ ಬಲ್ಬು ಉರಿಸುವಷ್ಟು ಶಕ್ತಿ ಒಂದು ಶೇಂಗಾ ಬೀಜದಷ್ಟು ಜಾಗದಲ್ಲಿ ಕೂತರೆ ಪ್ಲಾಸ್ಟಿಕ್ ಎಷ್ಟು ಹೊತ್ತು ತಾಳೀತು? ನನ್ನ ಕೂಲರಿನ ಟೇಪಿನ ಕೆಳಗೆ ನಡೆದದ್ದೂ ಇದರದೇ ಚಿಕ್ಕ ರೂಪ. ಮಾಳಿಗೆಯ ಸೋಲಾರ್ ಹಲಗೆಗಳ ಎಂಸಿ4 ಕನೆಕ್ಟರನ್ನು ಒಂದು ಕಂಪನಿಯ ಗಂಡಿಗೆ ಇನ್ನೊಂದು ಕಂಪನಿಯ ಹೆಣ್ಣು ಹಾಕಬೇಡಿ ಎಂದು ತಿಳಿದವರು ಹೇಳುವುದೂ ಇದೇ ಕಾರಣಕ್ಕೆ. ಕಟಕ್ ಎಂದು ಕೂರುತ್ತದೆ, ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ; ಒಳಗಿನ ಲೋಹ ಕೂದಲೆಳೆಯಷ್ಟು ಹೊಂದದಿದ್ದರೂ ಬಿಸಿಲಲ್ಲಿ ವರ್ಷಗಟ್ಟಲೆ ಕುದಿಯುತ್ತದೆ.

ಗಂಡು, ಹೆಣ್ಣು ಎಂದೆ. ಆ ದಿನ ಅಂಗಡಿಯವರು ಡಿಶ್ ಕೇಬಲಿನದನ್ನು ತೋರಿಸುವಾಗ "ಮೇಲ್ ಬೇಕೇನ್ರಿ, ಫೀಮೇಲ್ ಬೇಕೇನ್ರಿ?" ಎಂದು ಕೇಳಿದಾಗ ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬರು ಸೆರಗಿನಲ್ಲಿ ನಕ್ಕರು. ಪಿನ್ನಿರುವುದು ಗಂಡು, ತೂತಿರುವುದು ಹೆಣ್ಣು. ರವಿಕೆಯ ಟಿಚ್ ಬಟನ್ ಹಾಕುವ ಯಾರಿಗೂ ಇದು ಹೊಸದಲ್ಲ. 9 ವೋಲ್ಟಿನ ಚೌಕ ಬ್ಯಾಟರಿಯ ತಲೆಯ ಮೇಲಿರುವುದು ಆ ಟಿಚ್ ಬಟನ್ನೇ. ಆದರೆ ಗಂಡು ಹೆಣ್ಣಿನ ಲೆಕ್ಕಕ್ಕೂ ಪ್ಲಗ್ ಜಾಕ್‌ನ ಲೆಕ್ಕಕ್ಕೂ ಸಂಬಂಧ ಇಲ್ಲ, ಇಲ್ಲಿಯೇ ಓದಿದವರೂ ಎಡವುತ್ತಾರೆ. ಗಂಡು ಹೆಣ್ಣು ಎನ್ನುವುದು ಆಕಾರದ ಮಾತು. ಪ್ಲಗ್ ಜಾಕ್ ಎನ್ನುವುದು ಇರುವ ನೆಲೆಯ ಮಾತು: ನೇತಾಡುವುದು ಪ್ಲಗ್, ನೆಟ್ಟಿರುವುದು ಜಾಕ್. ಹಾಳಾದ ರೇಡಿಯೋ ಬಿಚ್ಚಿ ಒಳಗಿನ ಹಸಿರು ಹಲಗೆ ನೋಡಿ. 'ಜೆ 1', 'ಜೆ 2' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುವ ಜಾಗಗಳು ಜಾಕ್‌ಗಳು, ಅಲ್ಲಿ ತೂತಿರಲಿ, ಪಿನ್ನಿರಲಿ. ಹಳೆಯ ಕಂಪ್ಯೂಟರಿನ ಬೆನ್ನಿನಲ್ಲಿದ್ದ ಒಂಬತ್ತು ಪಿನ್ನಿನ ಕನೆಕ್ಟರ್ ಆಕಾರದಲ್ಲಿ ಗಂಡು, ಸ್ಥಾನದಲ್ಲಿ ಜಾಕ್.

ಹೀಗಿರುವಾಗ ಕಿವಿಗೆ ಹಾಕುವ ಇಯರ್‌ಫೋನಿನ ತುದಿಯ ಕಡ್ಡಿಯನ್ನು ನಾವೆಲ್ಲ 'ಜಾಕ್' ಎನ್ನುವುದು ತಲೆಕೆಳಗು. ಜಾಕ್ ಮೊಬೈಲಿನಲ್ಲಿದ್ದ ತೂತು. ಈಗಿನ ಎಷ್ಟೋ ಮೊಬೈಲಿನಲ್ಲಿ ಅದೂ ಇಲ್ಲ. ಆ ಹೆಸರು ಬಂದದ್ದು ಅಮೆರಿಕದ ಮೊದಮೊದಲ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಂದ. 1870ರ ದಶಕದ ಕೊನೆಗೆ ಚಾರ್ಲ್ಸ್ ಸ್ಕ್ರಿಬ್ನರ್ ಎಂಬಾತ ಮಾಡಿದ ಸ್ವಿಚ್ಚಿನ ಹಿಡಿ ಮಡಚುವ ಚಾಕುವಿನಂತಿತ್ತು, ಹಾಗಾಗಿ ಅದಕ್ಕೆ ಜಾಕ್‌ನೈಫ್ ಎಂದರು. ಚಾಕು ಹೋಗಿ ಜಾಕ್ ಉಳಿಯಿತು. ಲಾರಿ ಎತ್ತುವ ಜಾಕಿಗೂ ಇದಕ್ಕೂ ನೇರ ನೆಂಟಸ್ತಿಕೆ ಕಲ್ಪಿಸಬೇಡಿ. ಇಂಟರ್ನೆಟ್ ವೈರಿನ ಆರ್‌ಜೆ45ರಲ್ಲಿ 'ಜೆ' ಎಂದರೂ ಜಾಕ್ ಎಂದೇ. ಆದ್ದರಿಂದ ವೈರಿನ ತುದಿಗೆ ಹಾಕುವ ಪಾರದರ್ಶಕ ತುಂಡನ್ನು ಆರ್‌ಜೆ45 ಎಂದಾಗ ಬಿರಡೆಯನ್ನು ಕುಳಿಯ ಹೆಸರಿನಿಂದ ಕರೆದ ಹಾಗೆ ಆಗುತ್ತದೆ. ಜಗತ್ತೆಲ್ಲ ಹಾಗೇ ಕರೆಯುತ್ತದೆ, ನಾನೊಬ್ಬ ತಿದ್ದಿ ಏನು?

ಯಾರು ಗಂಡಾಗಬೇಕು, ಯಾರು ಹೆಣ್ಣಾಗಬೇಕು ಎನ್ನುವುದಕ್ಕೆ ಮನೆಯ ಕರೆಂಟಿನಲ್ಲಿ ಗಟ್ಟಿ ನಿಯಮ ಇದೆ. ಕರೆಂಟು ಯಾರ ಬಳಿ ಇದೆಯೋ ಅವರು ತೂತಿನೊಳಗೆ ಮುಚ್ಚಿಟ್ಟುಕೊಳ್ಳಬೇಕು. ಬೇಡಿಕೊಂಡು ಬರುವವರು ಪಿನ್ ಹೊತ್ತು ಬರಬೇಕು. ಕಂಪ್ಯೂಟರಿಗೆ ಹಾಕುವ ದಪ್ಪ ಕಪ್ಪು ಕೇಬಲನ್ನು ಕೈಯಲ್ಲಿ ಹಿಡಿದು ನೋಡಿದರೆ ಇದೆಲ್ಲ ಒಂದೇ ಕಡೆ ಸಿಗುತ್ತದೆ. ಒಂದು ತುದಿ ಪ್ಲಗ್, ಗೋಡೆಗೆ. ಇನ್ನೊಂದು ತುದಿಯಲ್ಲಿ ಮೂರು ಸೀಳು, ಯಂತ್ರಕ್ಕೆ. ಅಂತಾರಾಷ್ಟ್ರೀಯ ಪ್ರಮಾಣ ಐಇಸಿ 60320ರ ಪ್ರಕಾರ ಆ ಎರಡನೆಯ ತುದಿಯ ಹೆಸರೇ 'ಕನೆಕ್ಟರ್', ಯಂತ್ರದ ಬೆನ್ನಿನಲ್ಲಿ ಪಿನ್ನಿರುವ ಕುಳಿ 'ಇನ್‌ಲೆಟ್'. ಎಲ್ಲಕ್ಕೂ ಸಲ್ಲುತ್ತಿದ್ದ ಪದಕ್ಕೆ ಇಲ್ಲೊಂದು ಕಟ್ಟುನಿಟ್ಟಾದ ಅರ್ಥ ಬಂತು: ಕರೆಂಟು ಹೊತ್ತು ನೇತಾಡುವ ಹೆಣ್ಣು. ವಿದ್ಯುತ್ ವಾಹನದ ಪ್ರಮಾಣಗಳೂ ಇದನ್ನೇ ಅನುಸರಿಸುತ್ತವೆ. ಚಾರ್ಜಿಂಗ್ ಕಂಬದಲ್ಲಿ ಜನ 'ಗನ್' ಎಂದು ಹಿಡಿಯುವುದು ಕನೆಕ್ಟರ್, ಗಾಡಿಯ ಮೈಮೇಲಿರುವುದು ಇನ್‌ಲೆಟ್. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಸ್ಕೂಟರಿನಂಥ ಹಗುರ ವಾಹನಗಳಿಗೆಂದು ಒಪ್ಪಿದ ಕನೆಕ್ಟರಿನ ವಿನ್ಯಾಸ ಹುಟ್ಟಿದ್ದು ಬೆಂಗಳೂರಿನ ಏಥರ್ ಎನರ್ಜಿಯಲ್ಲಿ.

ಈ ನಿಯಮ ಮುರಿದವರು ಇದ್ದಾರೆ. ಕರೆಂಟು ಹೋದಾಗ ಜನರೇಟರಿನಿಂದ ಮನೆಯ ಸಾಕೆಟ್ಟಿಗೇ ಉಲ್ಟಾ ಕರೆಂಟು ತುಂಬಲು ಎರಡೂ ತುದಿಗೆ ಪ್ಲಗ್ ಹಾಕಿದ ವೈರು ಮಾಡುವವರು. ಒಂದು ತುದಿ ಚುಚ್ಚಿದೊಡನೆ ಇನ್ನೊಂದು ತುದಿಯ ಬೆತ್ತಲೆ ಪಿನ್ನಿನಲ್ಲಿ 230 ವೋಲ್ಟ್ ಬಂದು ನಿಂತಿರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕಿರುವ ಅಡ್ಡಹೆಸರಿನ ಅರ್ಥ ಆತ್ಮಹತ್ಯೆಯ ವೈರು. ಅದು ಮನೆಯವರ ಜೀವಕ್ಕಷ್ಟೇ ಕುತ್ತಲ್ಲ. ಲೈನು ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಕಡೆಗೂ ಅದೇ ಕರೆಂಟು ಹೋಗಬಹುದು.

ಮೈಕ್‌ಸೆಟ್ಟಿನವರ ಲೋಕ ಮೇಲ್ನೋಟಕ್ಕೆ ಇದಕ್ಕೆ ಉಲ್ಟಾ. ಶರಣಬಸವೇಶ್ವರ ಜಾತ್ರೆಯಲ್ಲಿ ಮೈಕಿನ ತಳ ನೋಡಿ: ಮೂರು ಪಿನ್. ದನಿ ಹೊರಡುವುದು ಅಲ್ಲಿಂದ, ಆದರೂ ಗಂಡು. ಸೌಂಡಿನವರು 'ಕ್ಯಾನನ್' ಎನ್ನುವ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ ಪಿನ್ನು ಯಾವ ಕಡೆ ಮುಖ ಮಾಡಿದೆಯೋ ದನಿ ಆ ಕಡೆ ಹರಿಯುತ್ತದೆ ಎಂದು ಲೆಕ್ಕ. ಮೈಕಿನ ದನಿಯಿಂದ ಯಾರಿಗೂ ಶಾಕ್ ಹೊಡೆಯುವುದಿಲ್ಲ, ನಡೆಯುತ್ತದೆ ಎಂದುಕೊಳ್ಳುವಷ್ಟರಲ್ಲಿ ಒಂದು ಸೂಕ್ಷ್ಮ ಕಾಣುತ್ತದೆ. ಕೆಲವು ಮೈಕಿಗೆ 48 ವೋಲ್ಟ್ ಬೇಕು; ಅದು ಬರುವುದು ಮಿಕ್ಸರ್ ಕಡೆಯಿಂದ, ಅಲ್ಲಿರುವುದು ತೂತು. ಕರೆಂಟಿದ್ದವರೇ ಮುಚ್ಚಿಟ್ಟುಕೊಂಡರು! ನಿಯಮ ಮುರಿದಂತೆ ಕಂಡರೂ ಮುರಿಯಲಿಲ್ಲ.

ಗಂಡು ಹೆಣ್ಣೆಂಬ ಭೇದವೇ ಇಲ್ಲದ ಕನೆಕ್ಟರುಗಳೂ ಇವೆ. ವಾಡಿ ಯಾರ್ಡಿನಲ್ಲಿ ಸಿಮೆಂಟು ಹೊತ್ತ ವ್ಯಾಗನ್‌ಗಳು ಒಂದನ್ನೊಂದು ಹಿಡಿದಿರುವುದು ಎರಡು ಕೈ ಬೆರಳು ಮಡಚಿ ಕೊಕ್ಕೆ ಹಾಕಿದಂತೆ, ಎರಡೂ ಕಡೆ ಒಂದೇ ಆಕಾರ. ಅದು ಕಪ್ಲರ್, ಎಳೆತ ತಾಳುವುದು ಅದರ ಕೆಲಸ. ಮನೆಗೆ ಬಂದಿರುವ ಫೈಬರ್ ಇಂಟರ್ನೆಟ್ಟಿನ ಗಾಜಿನೆಳೆಯಲ್ಲಿ ಎರಡೂ ತುದಿ ಗಂಡೇ, ನಡುವಿನ ತೋಳಿನೊಳಗೆ ಅವು ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತವೆ. ಹಸಿರು ತಲೆಯದಕ್ಕೆ ಮೂಗು 8 ಡಿಗ್ರಿ ಓರೆ, ನೀಲಿ ತಲೆಯದಕ್ಕೆ ನೇರ. ಹಸಿರಿಗೆ ನೀಲಿ ಕೂಡಿಸಿದರೆ ಬೆಳಕು ದಾರಿ ತಪ್ಪುತ್ತದೆ. ಆ ನಡುವಿನ ತೋಳಿಗೆ ಫೈಬರಿನವರು 'ಅಡಾಪ್ಟರ್' ಎನ್ನುತ್ತಾರೆ.

ಈ ಅಡಾಪ್ಟರ್ ಎಂಬ ಪದ ಮಾತ್ರ ನಿಜಕ್ಕೂ ದುಡ್ಡು ಕಳೆಯುವಂಥದ್ದು. ಅಮೆರಿಕದಿಂದ ರಜೆಗೆ ಬಂದ ಮಗಳು ಅಲ್ಲಿಯ ಕೂದಲು ಒಣಗಿಸುವ ಯಂತ್ರ ತರುತ್ತಾಳೆ. ಪಿನ್ ಚಪ್ಪಟೆ, ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಐವತ್ತು ರೂಪಾಯಿಯ ಅಡಾಪ್ಟರ್ ತಂದು ಹಾಕಿದರೆ ಸಲೀಸಾಗಿ ಕೂರುತ್ತದೆ, ಹೊಗೆಯೂ ಬರುತ್ತದೆ. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಇಲ್ಲಿಂದ ಅಲ್ಲಿಗೆ ಮಿಕ್ಸರ್ ಹೊತ್ತವರ ಕಷ್ಟ ಇನ್ನೊಂದು ಥರ: ಸುಡುವುದಿಲ್ಲ, ಚಟ್ನಿಯನ್ನೂ ರುಬ್ಬುವುದಿಲ್ಲ. ಅಡಾಪ್ಟರ್ ಆಕಾರ ಹೊಂದಿಸುತ್ತದೆ ಅಷ್ಟೆ. ವೋಲ್ಟೇಜ್ ಬದಲಿಸಬೇಕಾದರೆ ಬೇಕಾದದ್ದು ಕನ್ವರ್ಟರ್.

ಈ ವ್ಯತ್ಯಾಸ ಹಿಡಿಯಲು ನನಗೆ ನೆರವಾದದ್ದು ಶಾಲೆಯ ಕನ್ನಡ ವ್ಯಾಕರಣ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಮಳಖೇಡ ನಮ್ಮದೇ ಜಿಲ್ಲೆಯದು, ಆದ್ದರಿಂದ ಇಷ್ಟು ಸಲಿಗೆ ತೆಗೆದುಕೊಳ್ಳಬಹುದು. ಕನ್ನಡದ ಸಂಧಿ ಮೂರು ಬಗೆ. 'ಊರು' ಮತ್ತು 'ಅಲ್ಲಿ' ಸೇರಿ ಊರಲ್ಲಿ ಆಗುವಾಗ ಒಂದು ತುದಿಯ ಸ್ವರ ಉದುರುತ್ತದೆ. ವೈರಿನ ತುದಿಯ ಸಿಪ್ಪೆ ಸುಲಿದು ಕೂಡಿಸಿದಂತೆ, ಇದು ಲೋಪ. 'ಮನೆ' ಮತ್ತು 'ಅಲ್ಲಿ' ನೇರ ಹೊಂದುವುದಿಲ್ಲ, ನಡುವೆ ಒಂದು ಯಕಾರ ಬಂದು ಕೂತು ಮನೆಯಲ್ಲಿ ಮಾಡುತ್ತದೆ. ಇದು ಆಗಮ, ಥೇಟ್ ಅಡಾಪ್ಟರ್, ಎರಡೂ ಪದ ಇದ್ದಂತೆಯೇ ಇವೆ. 'ಮಳೆ' ಮತ್ತು 'ಕಾಲ' ಸೇರಿ ಮಳೆಗಾಲ ಆದಾಗ ಕಕಾರವೇ ಗಕಾರವಾಗಿ ಮಾರ್ಪಡುತ್ತದೆ. ಇದು ಆದೇಶ, ಕನ್ವರ್ಟರಿನ ಕೆಲಸ. ಎಂಜಿನಿಯರಿಂಗ್ ಓದುವ ಅಣ್ಣನ ಮಗನಿಗೆ ಇದನ್ನು ಹೇಳಿದೆ. "ಕಾಕಾ, ಇದು ಪರೀಕ್ಷಾದಾಗ ಬರಂಗಿಲ್ಲ" ಅಂದ.

ಅವನೇ ಒಂದು ಗೆರೆ ಎಳೆದುಕೊಟ್ಟ, ಅದನ್ನೂ ಹೇಳಿಬಿಡುತ್ತೇನೆ. ಪೋರ್ಟ್ ಎಂದರೆ ಬಾಗಿಲು, ಅಲ್ಲಿ ಒಳಗೆ ಹೊರಗೆ ಏನು ಓಡಾಡುತ್ತದೆ ಎಂಬುದೂ ಆ ಪದದಲ್ಲಿ ಸೇರಿದೆ. ಕನೆಕ್ಟರ್ ಎಂದರೆ ಬಾಗಿಲ ಚೌಕಟ್ಟಿನ ಅಳತೆ ಮಾತ್ರ. ಯುಎಸ್‌ಬಿ ಟೈಪ್ ಸಿ ಎನ್ನುವುದು 2014ರಲ್ಲಿ ಬಂದ ಒಂದು ಆಕಾರ, 24 ಲೋಹದ ಬಿಂದುಗಳಿರುವ ಮೂತಿ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಮೊಬೈಲುಗಳಿಗೆ ಅದೇ ಕಡ್ಡಾಯ. ಮೂತಿ ಒಂದೇ ಆದ ಮಾತ್ರಕ್ಕೆ ಓಟ ಒಂದೇ ಅಲ್ಲ: ಒಂದು ಕೇಬಲ್ ಸೆಕೆಂಡಿಗೆ 480 ಮೆಗಾಬಿಟ್ ಒಯ್ದರೆ ಅದೇ ಮೂತಿಯ ಇನ್ನೊಂದು 40 ಗಿಗಾಬಿಟ್ ಒಯ್ಯುತ್ತದೆ. ಹೊರಗಿನಿಂದ ನೋಡಿ ಹೇಳುವುದು ಕಷ್ಟ. 'ಕನೆಕ್ಷನ್' ಎನ್ನುವುದು ಇನ್ನೂ ಬೇರೆ, ಅದು ಕೈಗೆ ಸಿಗುವ ವಸ್ತುವೇ ಅಲ್ಲ. ಜೆಸ್ಕಾಂ ಬಿಲ್ಲಿನ ಮೇಲಿನ ಆರ್.ಆರ್. ನಂಬರು ನಮ್ಮ ಕನೆಕ್ಷನ್ನಿನ ಗುರುತು. ವೈರು, ಮೀಟರು ಎಲ್ಲ ಇದ್ದ ಜಾಗದಲ್ಲೇ ಇದ್ದರೂ ಕನೆಕ್ಷನ್ ಕಟ್ ಆಗಬಹುದು.

ಕಮಲಾಪುರದ ರೈತರು ಮುಂದಿನ ತಿಂಗಳು ಅದೇ ಅಂಗಡಿಯಲ್ಲಿ ಮತ್ತೆ ಸಿಕ್ಕರು. ಅವರದು ಭೌಗೋಳಿಕ ಸೂಚಿ ಪಡೆದ ಕೆಂಪು ಬಾಳೆ. ಪಾಲಿಟೆಕ್ನಿಕ್ ಪ್ರಯೋಗಾಲಯಗಳಲ್ಲಿ ಬನಾನಾ ಪ್ಲಗ್ ಎಂಬ ಕನೆಕ್ಟರ್ ಇರುತ್ತದೆ, 1924ರಲ್ಲಿ ಜರ್ಮನಿಯ ರಿಚರ್ಡ್ ಹಿರ್ಷ್‌ಮನ್ ಮಾಡಿದ್ದಂತೆ, ಪಿನ್ನಿನ ಹೊಟ್ಟೆ ಬಾಳೆಹಣ್ಣಿನಂತೆ ಉಬ್ಬಿರುತ್ತದೆ ಎಂದು ಅವರಿಗೆ ಹೇಳಿದೆ. "ಕೆಂಪಂದೂ ಇರ್ತದೇನ್ರಿ?" ಎಂದು ಕೇಳಿದರು. ಇರುತ್ತದೆ. ಕೆಂಪು ಧನಕ್ಕೆ, ಕಪ್ಪು ಋಣಕ್ಕೆ.

ಅಂದಹಾಗೆ ಕೂಲರಿಗೆ ಆ ಬಿಳಿ ಪಟ್ಟಿಯೇ ಸರಿಹೋಯಿತು. ಹನ್ನೆರಡು ಗೂಡಿನ ಪಟ್ಟಿಯಿಂದ ಎರಡು ಗೂಡು ಕತ್ತರಿಸಿ ಮಿಸ್ತ್ರಿ ನೀರು ತಾಗದ ಮೇಲಿನ ಮೂಲೆಯಲ್ಲಿ ಕೂರಿಸಿದ. ಉಳಿದ ಹತ್ತು ಗೂಡು ನನ್ನ ಮೇಜಿನ ಖಾನೆಯಲ್ಲಿವೆ. ಮೃಗಶಿರಾ ಮಳೆ ಹಿಡಿದ ಮೇಲೆ ಕೂಲರನ್ನು ಅಟ್ಟಕ್ಕೆ ಏರಿಸಬೇಕಿತ್ತು. ಹೋದ ವರ್ಷ ಬ್ಲೇಡಿನಿಂದ ಟೇಪ್ ಕೆರೆದು, ವೈರು ಕತ್ತರಿಸಿ, ಬೆರಳನ್ನೂ ಕೊಯ್ದುಕೊಂಡಿದ್ದೆ. ಈ ಸಲ ಪ್ಲಗ್ ಕಿತ್ತು, ಎರಡು ಸ್ಕ್ರೂ ಸಡಿಲಿಸಿದೆ. ವೈರು ತಾನಾಗಿ ಜಾರಿ ಕೈಗೆ ಬಂತು.